ಎರಡು ಶಟರ್‌ಗಳ ನಡುವಿನ ಕಂಬ

ಮಕ್ಕಳಿಗೆ ಸಮಾಂತರ ರೇಖೆಗಳ ಪಾಠ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಎರಡು ರೇಖೆಗಳು ಅಕ್ಕಪಕ್ಕದಲ್ಲೇ ಎಷ್ಟು ದೂರ ಹೋದರೂ ಒಂದನ್ನೊಂದು ಮುಟ್ಟುವುದಿಲ್ಲ ಎಂದು ಹಲಗೆಯ ಮೇಲೆ ಬರೆದು ತೋರಿಸಿ, ಅರ್ಥವಾಗದವರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಅಂಥವಳು ಶಾಲೆಯಿಂದ ನಿವೃತ್ತಳಾದ ಮೇಲೆ ಕಾರು ಕಲಿತು, ನಮ್ಮದೇ ಗ್ಯಾರೇಜಿನ ಕಂಬಕ್ಕೆ ಅದನ್ನು ಮೂರು ಸಲ ತಾಗಿಸಿದೆ. ಮೂರು ಸಲವೂ ಎಡಗಡೆಯ ಹಿಂದಿನ ಬಾಗಿಲಿಗೇ ಪೆಟ್ಟು. ಒಂದೇ ಜಾಗಕ್ಕೆ ಹೀಗೆ ಗುರಿ ಹಿಡಿದು ಹೊಡೆಯುವುದೂ ಒಂದು ವಿದ್ಯೆಯೇ ಎಂದು ನಮ್ಮ ಮನೆಯವರು ಬಂದವರಿಗೆಲ್ಲ ಹೇಳುತ್ತಿದ್ದರು.

ಆ ಗ್ಯಾರೇಜಿನ ಕಥೆ ಸ್ವಲ್ಪ ಹೇಳಬೇಕು. ನಾಗಪುರದ ಪ್ರತಾಪ ನಗರದ ಈ ಮನೆಯನ್ನು ನಮಗೆ ಮಾರಿದವರು ಕೆಳಗಡೆ ಎರಡು ಅಂಗಡಿ ಮಾಡಿ ಬಾಡಿಗೆಗೆ ಕೊಡುವ ಆಸೆಯಿಂದ ಎರಡು ಶಟರ್ ಇಡಿಸಿದ್ದರು. ಅಂಗಡಿಗಳು ಬರಲಿಲ್ಲ, ನಾವು ಬಂದೆವು. ಹೊರಗಿನಿಂದ ನೋಡಿದರೆ ಎರಡು ಗ್ಯಾರೇಜು, ನಡುವೆ ಒಂದು ದಪ್ಪ ಕಂಬ. ಒಳಗೆ ಹೋದರೆ ಗೋಡೆಯೇ ಇಲ್ಲ, ಎಲ್ಲ ಒಂದೇ ಖೋಲಿ. ಆದರೂ ನಾವು ಎರಡಕ್ಕೂ ಬೇರೆ ಬೇರೆ ಕೀಲಿ ಜಡಿದು, ಎರಡನ್ನೂ ಎಳೆದು ನೋಡಿ, ಸಮಾಧಾನದಿಂದ ಮಲಗುತ್ತಿದ್ದೆವು. ಹಳೆಯ ಮಾಲೀಕರು ಎಡಗಡೆಯ ಶಟರಿನ ಮೇಲೆ ಕೆಂಪು ಬಣ್ಣದಲ್ಲಿ ‘ಶುಭ’ ಎಂದೂ ಬಲಗಡೆಯದರ ಮೇಲೆ ‘ಲಾಭ’ ಎಂದೂ ಬರೆಸಿಟ್ಟು ಹೋಗಿದ್ದರು. ಶುಭದ ಹಿಂದೆ ನಮ್ಮವರ ಹಳೆಯ ಸ್ಕೂಟರು, ಲಾಭದ ಹಿಂದೆ ನನ್ನ ಕಾರು. ಲಾಭವೆಲ್ಲ ಕಾರಿಗೆ ಬಣ್ಣ ಹೊಡೆಯುವವನಿಗೆ ಆಯಿತೆಂದು ಅವರು ಆಡಿಕೊಳ್ಳುತ್ತಿದ್ದರು.

ನಮ್ಮವರು ಮೌದಾದ ವಿದ್ಯುತ್ ಕೇಂದ್ರದಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಎಂಜಿನಿಯರು. ನಿವೃತ್ತರಾದ ಮೊದಲ ತಿಂಗಳು ಮನೆಯ ಒಳಗೆ ಕೂತು ನನ್ನ ಕುಕ್ಕರಿನ ಸೀಟಿ ಎಣಿಸಿದರು. ಎರಡನೆಯ ತಿಂಗಳು ನಾನೇ ಅವರನ್ನು ಕೈಹಿಡಿದು ಕೆಳಗೆ ಕಳಿಸಿದೆ. ಅಂದಿನಿಂದ ಸಂಜೆಯಾದರೆ ಸಾಕು, ಎಡಗಡೆಯ ಶಟರನ್ನು ಗಡಗಡ ಎತ್ತಿ, ಸ್ಟೂಲು ಹಾಕಿಕೊಂಡು, ರೇಡಿಯೊ ಹಚ್ಚಿ, ಓಡದ ಸ್ಕೂಟರಿನ ನಟ್ಟು ಬಿಚ್ಚಿ ಮತ್ತೆ ಹಾಕುವುದು ಅವರ ನೌಕರಿಯಾಯಿತು. ಆ ಅರ್ಧ ಖೋಲಿಯಲ್ಲಿ ಅವರು ಸಾಹೇಬರು. ನಾನು ಅಲ್ಲಿ ಪೊರಕೆ ಹಿಡಿದು ಹೋಗಬೇಕಾದರೂ ಮೊದಲು ಕೆಮ್ಮುತ್ತಿದ್ದೆ.

ಮೂರನೆಯ ಸಲ ಕಾರು ತಾಗಿದ ದಿನ ಅವರು ಸ್ಟೂಲಿನಿಂದ ಎದ್ದು ಬಂದು, ಗೀರಿನ ಮೇಲೆ ಬೆರಳಾಡಿಸಿ, ಬಾಯ್ಲರಿನ ಮುಂದೆ ನಿಂತವರ ದನಿಯಲ್ಲಿ ಹೇಳಿದರು:

“ಇನ್ನೊಮ್ಮೆ ತಾಗಿತಂದ್ರ ಚಾವಿ ನನ್ನ ಕಡೆ. ಎಲ್ಲಿ ಹೋಗಬೇಕು ಹೇಳು, ನಾ ಬಿಟ್ಟು ಬರ್ತೀನಿ.”

‘ಬಿಟ್ಟು ಬರ್ತೀನಿ’ ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮದುವೆಯಾಗಿ ಧಾರವಾಡದಿಂದ ಈ ಊರಿಗೆ ಬಂದಾಗಿನಿಂದ ನನ್ನನ್ನು ಯಾರಾದರೂ ಬಿಟ್ಟು ಬರುತ್ತಲೇ ಇದ್ದರು. ನನ್ನ ತಂಗಿ ಇರುವುದು ಉಮರೇಡಿನಲ್ಲಿ, ಅವಳ ಗಂಡ ಅಲ್ಲಿಯ ಕಲ್ಲಿದ್ದಲು ಗಣಿಯಲ್ಲಿದ್ದಾನೆ. ಅಷ್ಟು ಹತ್ತಿರವಿದ್ದರೂ ಅವಳ ಮನೆಗೆ ಹೋಗಬೇಕೆಂದರೆ ಇವರ ರಜೆ, ಇವರ ಮನಸ್ಸು, ಇವರ ಸೊಂಟನೋವು ಎಲ್ಲ ಕೂಡಿ ಬರಬೇಕಿತ್ತು. ಕಾರು ಬಂದ ಮೇಲೆ ಬೆಳಿಗ್ಗೆ ಮನಸ್ಸಾದರೆ ಮಧ್ಯಾಹ್ನ ಅಲ್ಲಿ ಊಟ. ಬೇಕಾದಾಗ ಹೋಗಿ ಸಾಕಾದಾಗ ಎದ್ದು ಬರುವ ಸುಖ ನನಗೆ ಅಷ್ಟು ವಯಸ್ಸಾದ ಮೇಲೆ ಸಿಕ್ಕಿತ್ತು, ಅದನ್ನು ಒಂದು ಕಂಬಕ್ಕಾಗಿ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ದಾರಿ ತೋರಿಸಿದವರು ಎದುರು ಮನೆಯ ಕಾಕು. ಗಲ್ಲಿಗೆಲ್ಲ ಚಿಕ್ಕಮ್ಮನಾದ ಈ ಮರಾಠಿ ಮುದುಕಿ ತಮ್ಮ ಮಹಡಿಯ ಗ್ಯಾಲರಿಯಲ್ಲಿ ಕೂತು ನಾನು ಕಾರು ಒಳಗೆ ತರುವುದನ್ನು ಪ್ರತಿ ದಿನ ತಪ್ಪದೆ ನೋಡುತ್ತಿದ್ದರು. ನಾನು ಗಲ್ಲಿಗೆ ತಿರುಗಿದರೆ ಇಸ್ತ್ರಿಯವನು ಹಿಂದಿಯಲ್ಲಿ, ಕಾಕು ಮರಾಠಿಯಲ್ಲಿ, ನಮ್ಮವರು ಕನ್ನಡದಲ್ಲಿ “ಬರ್ಲಿ, ಬರ್ಲಿ” ಎಂದು ಕೈಬೀಸುತ್ತಿದ್ದರು. ಮೂರೂ ಭಾಷೆ ನನಗೆ ಬರುತ್ತವೆ, ಕಷ್ಟವಾಗುತ್ತಿದ್ದದ್ದೇ ಅದರಿಂದ. ಮೂರನೆಯ ಗೀರಿನ ಮರುದಿನ ಕಾಕು ರಸ್ತೆ ದಾಟಿ ಬಂದು ಕಂಬವನ್ನು ಮೇಲೆ ಕೆಳಗೆ ನೋಡಿ, ಇದನ್ನು ತೆಗೆದುಬಿಡಿ, ಎರಡು ಶಟರ್ ಹೋಗಿ ಅಗಲವಾದ ಒಂದೇ ಶಟರ್ ಬರಲಿ, ಆಗ ಇವಳು ಬಸ್ಸು ತಂದರೂ ಒಳಗೆ ಹೋಗುತ್ತದೆ ಎಂದರು.

ನಮ್ಮವರು ಒಪ್ಪಲಿಲ್ಲ. ಅಗಲವಾದ ಶಟರಿಗೆ ಗಾಳಿ ಹೊಡೆತ ಜಾಸ್ತಿ ಎಂದರು, ಅದನ್ನು ಎತ್ತಲು ಹಚ್ಚುವ ಮೋಟಾರು ಸುಡುತ್ತದೆ ಎಂದರು, ಕಂಬ ತೆಗೆದರೆ ಮೇಲಿನ ಮನೆ ಕೆಳಗೆ ಬರುತ್ತದೆ ಎಂದರು. ಕೊನೆಯ ಮಾತಿಗೆ ಹೆದರಿ ಅವರ ಜತೆ ಕೆಲಸ ಮಾಡಿದ್ದ ಸಿವಿಲ್ ಎಂಜಿನಿಯರ್ ಒಬ್ಬರನ್ನು ನಾನೇ ಚಹಕ್ಕೆ ಕರೆದೆ. ಅವರು ಎರಡು ಕಪ್ ಚಹ ಕುಡಿದು, ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ, ಮೇಲಿನ ಬೀಮು ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಇದೆ, ಕಂಬ ಬರೀ ಇಟ್ಟಿಗೆಯದು, ಎರಡು ಶಟರ್ ಹಾಕಲು ಆಮೇಲೆ ಕಟ್ಟಿದ್ದು ಎಂದು ಹೇಳಿದರು.

“ಅಂದ್ರ ಇದು ಯಾವ ಭಾರಾನೂ ಹೊರೂದಿಲ್ಲ,” ಎಂದೆ ನಾನು. “ಸುಮ್ನ ನಡುವ ನಿಂತೈತಿ.”

ನಮ್ಮವರು ನನ್ನನ್ನು ಒಂದು ನೋಟ ನೋಡಿದರು. ಅವರು ನಿವೃತ್ತರಾಗಿ ಆಗ ವರ್ಷ ತುಂಬಿತ್ತು. ನಾನು ಆಡಿದ್ದು ಕಂಬದ ಮಾತು, ದೇವರಾಣೆಗೂ ಕಂಬದ ಮಾತೇ. ಆದರೆ ಆ ನೋಟದಿಂದ ನನಗೊಂದು ಸಂಗತಿ ತಿಳಿಯಿತು. ಗಾಳಿ, ಮೋಟಾರು ಎಲ್ಲ ನೆಪ. ಇವರಿಗೆ ಇರುವ ಚಿಂತೆ ತಮ್ಮ ಶಟರಿನದು. ಶಟರ್ ಒಂದೇ ಆದರೆ ತಮ್ಮದೆಂದು ಬೇರೆಯಾಗಿ ಎತ್ತಿ ಕೂರಲು ಏನು ಉಳಿಯುತ್ತದೆ?

ಕೊನೆಗೆ ಅವರು ಒಪ್ಪಿದ್ದು ನನ್ನ ಮೇಲಿನ ಪ್ರೀತಿಯಿಂದಲ್ಲ, ಕಂಬವಿಲ್ಲದಿದ್ದರೂ ನನ್ನಿಂದ ಆಗುವುದಿಲ್ಲ ಎಂಬ ಗಟ್ಟಿ ನಂಬಿಕೆಯಿಂದ. ಕರಾರು ಹೀಗಾಯಿತು: ದಸರೆಯ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ಕಾರನ್ನು ನಿಂಬೆಹಣ್ಣಿನ ಮೇಲೆ ಹಾಯಿಸಿ ಹೊರಗೆ ತಂದು, ಮತ್ತೆ ಒಳಗೆ ತೆಗೆದುಕೊಂಡು ಹೋಗಿ ನನ್ನ ಅರ್ಧದಲ್ಲಿ ನಿಲ್ಲಿಸಬೇಕು. ಯಾರೂ “ಬರ್ಲಿ, ಬರ್ಲಿ” ಅನ್ನಕೂಡದು. ನಿಲ್ಲಿಸಿದರೆ ಚಾವಿ ನನ್ನದು, ಅದರ ಮಾತು ಮತ್ತೆ ಎತ್ತುವುದಿಲ್ಲ. ಆಗದಿದ್ದರೆ ಅವರದು.

“ಕಂಬ ಹೋತಂದ್ರ ನಿನ್ನ ನೆಪಾನೂ ಹೋಗತೈತಿ, ನೋಡು,” ಎಂದರು. ನಾನು ಹೂಂ ಅಂದೆ. ಗಣಿತದವಳಿಗೆ ಇಷ್ಟು ಸೊಕ್ಕು ಇರಬಾರದಿತ್ತು.

ಗಣಪತಿ ಕಳಿಸಿದ ಮರುದಿನ ಶಟರಿನವನು ಆಳುಗಳ ಸಮೇತ ಬಂದ. ಈ ಮಹಾಶಯ ತಾನು ಹಾಕಿದ ಶಟರುಗಳನ್ನು ಹೊಗಳಿಕೊಳ್ಳುತ್ತ ಕೂತನೆಂದರೆ ಅರ್ಧ ನಾಗಪುರದ ಕಳ್ಳರು ಇವನಿಂದಲೇ ಉಪವಾಸ ಬಿದ್ದಿದ್ದಾರೆ ಅನ್ನಿಸಬೇಕು. ಸಂಜೆಯೊಳಗೆ ಶುಭ, ಲಾಭ ಎರಡೂ ಕೆಳಗಿಳಿದು ಗೋಡೆಗೆ ಒರಗಿದವು, ಕಂಬ ಇಟ್ಟಿಗೆಯ ರಾಶಿಯಾಯಿತು. ಹೊಸ ಶಟರ್ ನಾಳೆ ಬರುತ್ತದೆಯೇ ಎಂದು ಕೇಳಿದರೆ ಆತ ನಾಲಗೆ ಕಚ್ಚಿಕೊಂಡ. ನಾಳೆಯಿಂದ ಪಿತೃಪಕ್ಷ, ಹೊಸ ಬಾಗಿಲು ಯಾರಾದರೂ ಕೂಡಿಸುತ್ತಾರೆಯೇ, ಇನ್ನು ನವರಾತ್ರಿಯ ಘಟಸ್ಥಾಪನೆಗೇ ಎಂದ. ವಿಜ್ಞಾನದ ಮನುಷ್ಯರಾದ ನಮ್ಮವರು ಅವನಿಗೆ ಬುದ್ಧಿ ಹೇಳುತ್ತಾರೆ ಎಂದು ತಿರುಗಿ ನೋಡಿದರೆ ಅವರೂ ಬರೋಬರ್ ಬರೋಬರ್ ಎಂದು ತಲೆಯಾಡಿಸುತ್ತಿದ್ದಾರೆ. ಒಡೆಯುವುದನ್ನು ಪಕ್ಷ ಹತ್ತುವ ಮೊದಲು ಮುಗಿಸಬೇಕು, ಕೂಡಿಸುವುದನ್ನು ಪಕ್ಷ ಮುಗಿದ ಮೇಲೆ ಮಾಡಬೇಕು, ಇದನ್ನು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರಂತೆ. ಹಾಗಾದರೆ ನಡುವಿನ ದಿನಗಳಲ್ಲಿ ಏನು ಎಂದು ಕೇಳಿದೆ. ನಡುವಿನ ದಿನಗಳ ವಿಚಾರ ಇಬ್ಬರಿಗೂ ಹೊಳೆದಿರಲಿಲ್ಲ.

ಹೀಗಾಗಿ ಒಂದು ಇಡೀ ಪಕ್ಷ ನಮ್ಮ ಮನೆ ಬಾಯಿ ತೆರೆದುಕೊಂಡು ನಿಂತಿತು. ಕಾರು ರಸ್ತೆಯ ಬೇವಿನ ಮರದ ಕೆಳಗೆ, ಕಾಗೆಗಳ ವಶ. ಗ್ಯಾರೇಜಿನಲ್ಲಿ ನಾವು ಜನ್ಮವಿಡೀ ಮುಚ್ಚಿಟ್ಟದ್ದೆಲ್ಲ ಗಲ್ಲಿಯ ಕಣ್ಣಿಗೆ ಬಿತ್ತು. ಬೇಸಿಗೆ ಮುಗಿದ ಮೇಲೆ ಎತ್ತಿಟ್ಟ ಕೂಲರುಗಳು, ಅವುಗಳ ತುಕ್ಕು ಹಿಡಿದ ಜಾಳಿಗಳು, ಮದುವೆಯ ಟ್ರಂಕು, ಒಂದರೊಳಗೊಂದು ಸೇರಿಸಿಟ್ಟ ಬಕೀಟುಗಳು, ಶಾಲೆಯಿಂದ ಮನೆಗೆ ಬಂದು ಮರಳದ ಕಟ್ಟಿಗೆಯ ದೊಡ್ಡ ಕೈವಾರ. ಇಷ್ಟೊಂದು ಬಕೀಟು ಇಟ್ಟುಕೊಂಡೂ ಕಳೆದ ಬೇಸಿಗೆಯಲ್ಲಿ ನನ್ನ ಬಳಿ ಒಂದು ಬೇಡಿದೆಯಲ್ಲ ಎಂದು ಕಾಕು ಕೇಳಿಯೇಬಿಟ್ಟರು. ಮಳೆ ಇನ್ನೂ ಪೂರ್ತಿ ಹೋಗಿರಲಿಲ್ಲ, ಮೋಡ ಕಂಡರೆ ಇಬ್ಬರೂ ಓಡಿ ತಾಡಪತ್ರಿ ಎಳೆದು ಕಟ್ಟಬೇಕು. ಯಾರದೋ ಎಮ್ಮೆ ಒಂದು ಮಧ್ಯಾಹ್ನ ಒಳಗೆ ಬಂದು ಸ್ಕೂಟರಿನ ಪಕ್ಕ ಮಲಗಿತ್ತು. ಅದನ್ನು ಎಬ್ಬಿಸಲು ಆ ಗಲ್ಲಿಯ ಮೂರೂ ಭಾಷೆ ಸಾಲಲಿಲ್ಲ.

ಕಾವಲಿಗೆಂದು ನಮ್ಮವರು ಬೆಳಿಗ್ಗೆಯಿಂದಲೇ ಸ್ಟೂಲು ಹಾಕಿ ಕೂರತೊಡಗಿದರು. ಬಾಗಿಲಿಲ್ಲದ ಜಾಗ, ಸ್ಕೂಟರು, ಸುತ್ತ ಪಾನಾ ಸ್ಕ್ರೂಡ್ರೈವರು, ನಡುವೆ ಕನ್ನಡಕದ ಒಬ್ಬ ಮನುಷ್ಯ. ದಾರಿಹೋಕರು ಇಲ್ಲಿ ಅಂಗಡಿ ಶುರುವಾಗಿದೆ ಎಂದೇ ತಿಳಿದರು. ಒಬ್ಬಾತ ಬಂದು ಗಾಡಿಯ ಪಂಕ್ಚರ್ ಹಾಕಿಕೊಡಿ ಎಂದ. ಕಾಕು ತಮ್ಮ ಮಿಕ್ಸರ್ ತಂದಿಟ್ಟು, ಸುಮ್ಮನೆ ಕೂತಿದ್ದೀರಲ್ಲ, ನೋಡಿ ಎಂದರು. ಇಡೀ ಬಾಯ್ಲರ್ ನೋಡಿದವರಿಗೆ ಮಿಕ್ಸರ್ ಯಾವ ಲೆಕ್ಕ? ಅದು ಮೊದಲ ದಿನ ಹೊಗೆಯಾಡಿತು, ಎರಡನೆಯ ದಿನ ಹಿಮ್ಮುಖವಾಗಿ ತಿರುಗಿತು, ನಾಲ್ಕನೆಯ ದಿನ ಚಟ್ನಿ ಅರೆಯಿತು. ಸುದ್ದಿ ಹಬ್ಬಿತು. ಪಕ್ಷ ಮುಗಿಯುವ ಹೊತ್ತಿಗೆ ನಮ್ಮ ಗ್ಯಾರೇಜಿನಲ್ಲಿ ಗಲ್ಲಿಯ ಮಿಕ್ಸರುಗಳು, ಇಸ್ತ್ರಿಪೆಟ್ಟಿಗೆಗಳು, ಕೂಲರಿನ ಪಂಪುಗಳು ಸಾಲಾಗಿ ಕೂತಿದ್ದವು. ನಮ್ಮವರು ಊಟಕ್ಕೆ ಕರೆದರೆ “ಐದು ಮಿನಿಟ್” ಅನ್ನುವಂತಾದರು. ಆ ಮಾತು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ನೌಕರಿಯಲ್ಲಿದ್ದಾಗ ಅವರು ಹಾಗೇ ಅನ್ನುತ್ತಿದ್ದರು.

ಘಟಸ್ಥಾಪನೆಯ ದಿನ ಹೊಸ ಶಟರ್ ಬಂತು. ಇಡೀ ಮುಂಭಾಗಕ್ಕೆ ಒಂದೇ, ಮೋಟಾರು, ರಿಮೋಟು. ಗುಂಡಿ ಒತ್ತಿದರೆ ಗುರ್ ಎಂದು ಮೇಲೆ ಹೋಗಿ ಒಮ್ಮೆಲೇ ಎಲ್ಲ ತೆರೆದುಕೊಳ್ಳುತ್ತದೆ, ಮತ್ತೊಮ್ಮೆ ಒತ್ತಿದರೆ ಎಲ್ಲ ಮುಚ್ಚಿಕೊಳ್ಳುತ್ತದೆ. ಅರ್ಧ ಎಂಬುದಿಲ್ಲ. ಗಲ್ಲಿಯ ಜನ ಚಪ್ಪಾಳೆ ತಟ್ಟಿದರು. ನಮ್ಮವರು ನಾಲ್ಕಾರು ಸಲ ಒತ್ತಿ ತೋರಿಸಿದರು, ಆಮೇಲೆ ರಿಮೋಟನ್ನು ನನ್ನ ಕೈಗಿತ್ತು ಮೇಲೆ ಹೋದರು. ಆ ಸಂಜೆ ಅವರು ಕೆಳಗೆ ಇಳಿಯಲಿಲ್ಲ. ಕೇಳಿದರೆ, ಇಷ್ಟು ದೊಡ್ಡ ಬಾಗಿಲು ತೆಗೆದು ಒಬ್ಬನೇ ಕೂತರೆ ಮದುವೆ ಮಂಟಪದಲ್ಲಿ ಮದುಮಗ ಒಬ್ಬನೇ ಕೂತ ಹಾಗಿರುತ್ತದೆ ಎಂದರು. ನಗಿಸಲು ಹೇಳಿದ್ದು, ಆದರೆ ಅವರು ನಗಲಿಲ್ಲ.

ಖಂಡೇ ಪೂಜೆಯ ದಿನ ಪಾನಾ, ಸುತ್ತಿಗೆ, ನನ್ನ ಕೈವಾರ, ಗಲ್ಲಿಯ ಮಿಕ್ಸರುಗಳು, ಸ್ಕೂಟರು, ಬೇವಿನ ಮರದ ಕೆಳಗಿಂದ ನಮ್ಮವರು ಬೆಳಿಗ್ಗೆ ಒಳಗೆ ತಂದಿದ್ದ ಕಾರು, ಹೊಸ ಶಟರು ಎಲ್ಲದಕ್ಕೂ ಕುಂಕುಮ, ಚೆಂಡುಹೂವು. ಕಾಕು ತಾವೇ ಬಂದು ಶಟರಿನ ಈ ತುದಿಗೆ ಶುಭ, ಆ ತುದಿಗೆ ಲಾಭ ಎಂದು ಅಂಟಿಸಿದರು. ಶಟರ್ ಎತ್ತಿದೊಡನೆ ಎರಡೂ ಸುತ್ತಿಕೊಂಡು ಮೇಲೆ ಹೋದವು. ಕುಂಬಳಕಾಯಿ ಒಡೆದಾಯಿತು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಗಲ್ಲಿಯ ಜನರೆಲ್ಲ ಎರಡೂ ಬದಿಗೆ ನಿಂತರು. ನಮ್ಮವರು ಸ್ಕೂಟರನ್ನು ಹೊರಗೆ ತಳ್ಳಿ ನಿಲ್ಲಿಸಿ ಕೈಕಟ್ಟಿಕೊಂಡರು. ಕರಾರಿನಂತೆ ಯಾರೂ ಬಾಯಿ ಬಿಡುವಂತಿರಲಿಲ್ಲ. ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ನಿಂಬೆಹಣ್ಣು ಪಚಕ್ಕೆಂದವು, ಕಾರು ಹೊರಗೆ ಬಂತು. ಗಲ್ಲಿಯ ತುದಿಯವರೆಗೆ ಹೋಗಿ ತಿರುಗಿಸಿಕೊಂಡು ಬಂದೆ. ಎದುರಿಗೆ ಆ ವಿಶಾಲವಾದ ಬಾಗಿಲು. ಕಂಬವಿಲ್ಲ, ಅಡ್ಡಿಯಿಲ್ಲ. ಬಲಗಡೆಯ ಗೋಡೆ ಒಂದು ಸ್ವಲ್ಪ ಹತ್ತಿರ ಬಂದಂತಾಯಿತು, ಎಡಕ್ಕೆ ತಿರುಗಿಸಿದೆ. ಎಡಕ್ಕೆ ಜಾಸ್ತಿಯಾಯಿತೇನೋ ಎಂದು ಬಲಕ್ಕೆ. ಎಲ್ಲಿಯೂ ಏನೂ ತಾಗಲಿಲ್ಲ. ಗೆದ್ದೆ ಎಂದುಕೊಂಡು ಬಾಗಿಲು ತೆಗೆದು ರಾಣಿಯಂತೆ ಕೆಳಗಿಳಿದೆ.

ಗಲ್ಲಿಯ ಜನ ನನ್ನನ್ನು ಬಿಟ್ಟು ಕಾರನ್ನೇ ನೋಡುತ್ತಿದ್ದರು. ಹಿಂದೆ ಬಂದು ನೋಡಿದೆ. ಕಾರು ಖೋಲಿಯ ಸರಿಯಾಗಿ ನಡುವೆ, ಓರೆಯಾಗಿ, ಯಾವ ಗೋಡೆಗೂ ಸಮಾಂತರವಾಗದೆ ನಿಂತಿತ್ತು. ಈ ಕಡೆಯೂ ಸ್ಕೂಟರು ಹಿಡಿಸದು, ಆ ಕಡೆಯೂ ಹಿಡಿಸದು. ಇಷ್ಟು ದಿನ ಬೈದುಕೊಂಡ ಕಂಬವನ್ನೇ ನೋಡಿಕೊಂಡು ನಾನು ಒಳಗೆ ಬರುತ್ತಿದ್ದೆ, ಅದು ಹೋದ ಮೇಲೆ ನನಗೆ ಎಡ ಯಾವುದು ಬಲ ಯಾವುದು ತಿಳಿಯಲಿಲ್ಲ. ಮೊದಲು ನಕ್ಕವರು ಕಾಕು, ಆಮೇಲೆ ಎಮ್ಮೆಯ ಮಾಲೀಕ, ಆಮೇಲೆ ಎಲ್ಲರೂ. ನಮ್ಮವರು ನಗಲಿಲ್ಲ, ಏನೂ ಅನ್ನಲಿಲ್ಲ. ಅವರು ಅಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ನಾನು ಚಾವಿಯನ್ನು ಆರತಿ ತಟ್ಟೆಯಲ್ಲಿ ಅವರ ಮುಂದಿಟ್ಟು ಮೇಲೆ ಹೋದೆ. ಹೋಳಿಗೆಗೆ ಕಣಕ ನಾದುತ್ತ ಅತ್ತೆ. ಇನ್ನು ಉಮರೇಡಿಗೆ ಹೋಗಬೇಕೆಂದರೆ ಮತ್ತೆ ಅವರ ಸೊಂಟವನ್ನು ವಿಚಾರಿಸಬೇಕಲ್ಲ ಎಂದು ಅತ್ತೆ.

ಮರುದಿನ ದಸರೆ. ಸಂಜೆ ಬಂಗಾರವೆಂದು ಬನ್ನಿ ಎಲೆ ಹಂಚಿಕೊಳ್ಳುವ ಹೊತ್ತಿಗೆ ಅವರು ನನ್ನ ಕೈಯಲ್ಲಿ ಎಲೆ ಇಟ್ಟರು. ಎಲೆಯ ಕೆಳಗೆ ಏನೋ ತಣ್ಣಗೆ ತಾಗಿತು. ಕಾರಿನ ಚಾವಿ.

“ಬಂಗಾರ ತೊಗೊಂಡು ಬಂಗಾರದಂಗ ಇರೂಣು,” ಎಂದರು. ಆಮೇಲೆ, “ಗಾಡಿ ಹೊರಗ ತಗದು ಮತ್ತ ಒಳಗ ತೊಗೊಂಡ ಬಾ,” ಎಂದರು.

ನಾನು ಕಾರು ತಿರುಗಿಸಿಕೊಂಡು ಬಂದಾಗ ಶಟರ್ ಪೂರ್ತಿ ಮೇಲಿತ್ತು. ಕಂಬ ಇದ್ದ ಜಾಗದಲ್ಲಿ, ನೆಲದ ಮೇಲೆ ಹೊಸ ಸಿಮೆಂಟಿನ ಚೌಕ ಕಾಣುವಲ್ಲಿ ಸರಿಯಾಗಿ, ಸ್ಟೂಲು ಹಾಕಿಕೊಂಡು ಅವರು ಕೂತಿದ್ದರು. ತೊಡೆಯ ಮೇಲೆ ಯಾರದೋ ಮಿಕ್ಸರು, ಕೈಯಲ್ಲಿ ಸ್ಕ್ರೂಡ್ರೈವರು. ನನ್ನ ಕಡೆ ನೋಡಲೂ ಇಲ್ಲ. ನಾನು ಗಾಜು ಇಳಿಸಿ ಕೂಗಿದೆ:

“ಏಳ್ರಿ, ತಾಗೀತು.”

“ಕಂಬಕ್ಕ ಮೂರು ಸಲ ಹೊಡದಿ,” ಎಂದರು ತಲೆ ಎತ್ತದೆ. “ನನಗ ಹೊಡ್ಯಾಂಗಿಲ್ಲ ನೀ. ಬಾ.”

ಗೇರು ಹಾಕಿದೆ. ಅವರ ಮೊಣಕಾಲನ್ನೇ ನೋಡುತ್ತ ಮೆಲ್ಲಗೆ ಹೋದೆ. ಇಳಿದು ನೋಡಿದರೆ ಕಾರು ಗೋಡೆಗೆ ಸಮಾಂತರ, ನನ್ನ ಅರ್ಧದಲ್ಲಿ. ಅವರು ಎದ್ದು ಸ್ಕೂಟರನ್ನು ತಮ್ಮ ಅರ್ಧಕ್ಕೆ ತಳ್ಳಿಕೊಂಡು ಬಂದರು. ಗ್ಯಾಲರಿಯಿಂದ ಕಾಕು ಏನೋ ಕೂಗಿದರು, ಹೊಗಳಿದ್ದು ಯಾರನ್ನೋ ತಿಳಿಯಲಿಲ್ಲ.

ಅಂದಿನಿಂದ ಅದೇ ರೂಢಿಯಾಯಿತು. ನಾನು ಗಲ್ಲಿಗೆ ತಿರುಗುವ ಹೊತ್ತಿಗೆ ಅವರು ಆ ಚೌಕದ ಮೇಲೆ ಕೂತಿರುತ್ತಾರೆ. ಒಬ್ಬರೇ ಕೂರಲು ಸಂಕೋಚವಾಗುತ್ತಿದ್ದ ದೊಡ್ಡ ಬಾಗಿಲಿನಲ್ಲಿ ಈಗ ಅವರಿಗೊಂದು ಕೆಲಸವಿದೆ, ಮಿಕ್ಸರುಗಳೂ ಬರುತ್ತಿವೆ. ಚಾವಿಯ ಮಾತು ಯಾರೂ ಎತ್ತಿಲ್ಲ.

ಮೊನ್ನೆ ಹಳೆಯ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ಅವರು ಮೌದಾಕ್ಕೆ ಹೋಗಿದ್ದರು. ನಾನು ಉಮರೇಡಿನಿಂದ ಸಂಜೆ ಮರಳಿ ಶಟರ್ ಎತ್ತಿದಾಗ ಸ್ಟೂಲು ಗೋಡೆಯ ಬದಿಗಿತ್ತು, ಕಾಕುವಿನ ಗ್ಯಾಲರಿಯೂ ಖಾಲಿ. ಸ್ವಲ್ಪ ಹೊತ್ತು ಕಾರಿನಲ್ಲೇ ಕೂತೆ. ಆಮೇಲೆ ಅವರು ಅಲ್ಲಿ ಕೂತಿದ್ದಾರೆ ಎಂದುಕೊಂಡು ನೇರವಾಗಿ ಒಳಗೆ ತಂದೆ. ಇಳಿದು ಎರಡೂ ಕಡೆ ನೋಡಿದೆ. ಹಲಗೆಯ ಮೇಲೆ ನಾನು ಎಳೆಯುತ್ತಿದ್ದ ಗೆರೆಗಳೂ ಅಷ್ಟು ಸಮಾಂತರವಾಗಿ ಇರಲಿಲ್ಲ. ಯಾರಿಗೂ ಹೇಳಲಿಲ್ಲ.

ಮರುದಿನ ಸಂಜೆ ನಾನು ಬಂದಾಗ ಅವರು ಒಳಗೆ ಯಾವುದೋ ಪಂಪಿನ ತಂತಿ ಹಿಡಿದು ನಿಂತಿದ್ದರು, ಸ್ಟೂಲು ಇನ್ನೂ ಗೋಡೆಯ ಬದಿಗೇ ಇತ್ತು. ನಾನು ಬಾಗಿಲಾಚೆ ಕಾರು ನಿಲ್ಲಿಸಿ ಹಾರ್ನ್ ಹೊಡೆದೆ. ಅವರು ಪಂಪು ಕೆಳಗಿಟ್ಟು, ಗಡಿಬಿಡಿಯಿಂದ ಸ್ಟೂಲು ತಂದು ಚೌಕದ ಮೇಲೆ ಹಾಕಿ ಕೂತು, ಬಾ ಎಂದು ತಲೆಯಾಡಿಸಿದರು. ಆಮೇಲೆ ನಾನು ಕಾರು ಒಳಗೆ ತಂದೆ.